ದೇವದೂತರಿಗೆ ನಮ್ಮ ಕುಪ್ಪಸದ ತೋಳಿನ ಚಿಂತೆ ಇಲ್ಲ

ನಮ್ಮ ಚರ್ಚಿನವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದು ಚಿತ್ರ ಓಡಾಡುತ್ತಿದೆ. ಜೀನ್ಸ್ ಹಾಕಿದ ಹುಡುಗಿ ಪೂಜೆಗೆ ಬಂದಿದ್ದಾಳೆ. ಪಕ್ಕದಲ್ಲಿ ಅವಳ ಕಾವಲು ದೂತ ಮುಖ ಮುಚ್ಚಿಕೊಂಡು ಅಳುತ್ತಿದ್ದಾನೆ. ಕೆಳಗೆ ಕೈ ಮುಗಿದ ಇಮೋಜಿಗಳ ಸಾಲು. ಮೈಗಂಟಿದ ಟೀ ಶರ್ಟಿನಲ್ಲಿ ಬರುವ ಹುಡುಗರ ದೂತರು ಯಾಕೋ ಯಾರ ಚಿತ್ರದಲ್ಲೂ ಅಳುವುದಿಲ್ಲ.

ಈ ಚಿತ್ರದಲ್ಲಿ ಬಟ್ಟೆಯ ವಿಷಯಕ್ಕಿಂತ ದೇವದೂತರ ವಿಷಯವೇ ಜಾಸ್ತಿ ತಪ್ಪಾಗಿದೆ ಅಂತ ನನಗೆ ಅನಿಸುತ್ತದೆ. ದೇವದೂತರಿಗೆ ಮೈ ಇಲ್ಲ. ಇದು ನನ್ನ ಸ್ವಂತ ಬುದ್ಧಿ ಅಲ್ಲ, ಕಥೋಲಿಕ ಧರ್ಮಸಭೆ ಕಲಿಸುವುದೇ ಇದು. ಅವರಿಗೆ ಬುದ್ಧಿ ಇದೆ, ಇಚ್ಛೆ ಇದೆ, ಸಾವಿಲ್ಲ, ಶರೀರ ಮಾತ್ರ ಇಲ್ಲ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಇದನ್ನೇ ಹಿಡಿದು ಕೂತು ದೊಡ್ಡದಾಗಿ ಬರೆದರು. ಒಬ್ಬೊಬ್ಬ ದೂತನೂ ತಾನೇ ಒಂದು ಪ್ರತ್ಯೇಕ ಬಗೆ, ಒಬ್ಬನ ಹಾಗೆ ಇನ್ನೊಬ್ಬ ಇಲ್ಲ ಅಂತ ಅವರ ವಾದ. ಮೈಯೇ ಇಲ್ಲದ ಮೇಲೆ ದೂತರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಕ್ರಿಸ್ಮಸ್ ನಾಟಕದಲ್ಲಿ ನಾವು ಹೆಣ್ಣುಮಕ್ಕಳಿಗೇ ಬಿಳಿ ಫ್ರಾಕ್ ತೊಡಿಸಿ ಥರ್ಮೋಕೋಲ್ ರೆಕ್ಕೆ ಕಟ್ಟುವುದು ನಮ್ಮದೇ ಸಂಪ್ರದಾಯ.

ಭಾನುವಾರ ಮಕ್ಕಳಿಗೆ ಕ್ಯಾಟೆಕಿಸಂ (ಧರ್ಮೋಪದೇಶ) ಹೇಳಿಕೊಡುವಾಗ ಒಬ್ಬ ಹುಡುಗ ಕೇಳಿದ: ‘ಟೀಚರ್, ಮೈ ಇಲ್ಲಂದ್ರ ಅವರಿಗೆ ಕಣ್ಣು ಎಲ್ಲಿಂದ ಬಂದಾವ್ರೀ?’ ಸರಿಯಾದ ಪ್ರಶ್ನೆ! ಕಣ್ಣಿಲ್ಲದೆಯೇ ಅವರು ತಿಳಿಯುತ್ತಾರೆ. ನಾವು ನೋಡಿ, ಕೇಳಿ, ಯೋಚಿಸಿ ತಿಳಿಯುವುದು ಅವರಿಗೆ ನೇರವಾಗಿ ತಿಳಿಯುತ್ತದೆ. ಹಾಗಾದರೆ ಬೈಬಲಿನಲ್ಲಿ ಜನರಿಗೆ ಕಂಡರಲ್ಲ? ಕಂಡರು. ಆದರೆ ಅದು ಅವರ ಸ್ವಂತ ಮೈ ಅಲ್ಲ. ತೋಬಿತನ ಗ್ರಂಥದಲ್ಲಿ ರಫಾಯೇಲ ಎಂಬ ದೂತ ತೋಬಿತನ ಮಗನ ಜೊತೆ ದಾರಿಯುದ್ದಕ್ಕೂ ಮನುಷ್ಯನ ಹಾಗೆ ನಡೆಯುತ್ತಾನೆ. ಕೊನೆಗೆ, ನಾನು ಏನೂ ತಿನ್ನಲಿಲ್ಲ, ಕುಡಿಯಲಿಲ್ಲ, ನಿಮಗೆ ಕಂಡದ್ದು ಬರೀ ದರ್ಶನ ಅಂತ ತಾನೇ ಹೇಳಿಬಿಡುತ್ತಾನೆ. (ಪ್ರೊಟೆಸ್ಟೆಂಟರಾದ ನಮ್ಮ ಬಾಸೆಲ್ ಮಿಷನ್ ಸಭೆಯ ಗೆಳತಿಯರ ಬೈಬಲಿನಲ್ಲಿ ಈ ಗ್ರಂಥ ಇಲ್ಲ. ಹಾಗಾಗಿ ಈ ಕಥೆ ಹೇಳುವ ಅವಕಾಶ ನನಗೆ ಆಗಾಗ ಸಿಗುತ್ತದೆ.)

ಈಗ ‘ಸಂತ ಪೌಲರೇ ಬರೆದಾರಲ್ಲ?’ ಅಂತ ಕೇಳುವವರಿಗೆ ಬರೋಣ. ಬರೆದಿದ್ದಾರೆ. ಬೈಬಲಿನಲ್ಲಿ ಅವರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರ ತಲೆಯ ಮುಸುಕಿನ ಮಾತು ಬರುತ್ತದೆ, ‘ದೇವದೂತರ ನಿಮಿತ್ತ’ ಅಂತಲೂ ಇದೆ. ತೆರ್ತುಲಿಯನ್ ಎಂಬ ಹಳೆಯ ಲೇಖಕ ಇದಕ್ಕೆ ಕೊಟ್ಟ ಅರ್ಥ ಕೇಳಿದರೆ ನಗು ಬರುತ್ತದೆ. ಬೈಬಲಿನ ಮೊದಲ ಗ್ರಂಥ ಆದಿಕಾಂಡದಲ್ಲಿ ದೇವಪುತ್ರರು ಮನುಷ್ಯರ ಹೆಣ್ಣುಮಕ್ಕಳನ್ನು ನೋಡಿ ಮರುಳಾದರಲ್ಲ, ಅವರು ದೂತರೇ, ಅದಕ್ಕೇ ಮುಸುಕು ಬೇಕು ಅಂದ. ಸಂತ ಅಗಸ್ಟಿನ್ ಆ ದೇವಪುತ್ರರು ದೂತರಲ್ಲ, ಆದಾಮನ ಮಗ ಸೇತನ ವಂಶದ ಮನುಷ್ಯರು ಅಂತ ಓದಿದರು. ದೂತರಿಗೆ ಶರೀರವೇ ಇಲ್ಲ ಅಂತ ಗಟ್ಟಿಯಾದ ಮೇಲೆ ತೆರ್ತುಲಿಯನ್ನನ ಭಯಕ್ಕೆ ಜಾಗವೇ ಉಳಿಯಲಿಲ್ಲ. ನಮ್ಮ ವಾಟ್ಸ್ಆ್ಯಪ್ ಚಿತ್ರ ಮಾತ್ರ ಇನ್ನೂ ಅಲ್ಲೇ ನಿಂತಿದೆ.

ಮುಸುಕಿನ ನಿಯಮ 1917ರ ಧರ್ಮಸಭೆಯ ಕಾನೂನಿನಲ್ಲಿ ಇತ್ತು. 1976ರಲ್ಲಿ ವ್ಯಾಟಿಕನ್ನಿನಿಂದಲೇ ಬಂದ ಒಂದು ಘೋಷಣೆ, ಪೌಲರ ಆ ಮಾತು ಆ ಕಾಲದ ರೂಢಿಗೆ ಸೇರಿದ್ದು, ಈಗ ಕಡ್ಡಾಯ ಅಲ್ಲ ಅಂತ ಹೇಳಿತು. 1983ರ ಕಾನೂನಿನಲ್ಲಿ ಆ ನಿಯಮವೇ ಇಲ್ಲ. ಹೊದೆಯುವವರು ಪ್ರೀತಿಯಿಂದ ಹೊದೆಯಲಿ. ನಮ್ಮ ಅವ್ವ ಕೊನೆಯವರೆಗೂ ಇಳಕಲ್ ಸೀರೆಯ ಸೆರಗನ್ನು ತಲೆ ಮೇಲಿಂದ ಇಳಿಸಲಿಲ್ಲ. ಪೌಲರ ಪತ್ರ ಓದಿ ಅಲ್ಲ, ಓಣಿಯ ಎಲ್ಲ ಅತ್ತೆಯರೂ ಹಾಗೇ ಹೊದೆಯುತ್ತಿದ್ದರು, ಅದಕ್ಕೆ.

ಹಾಗಂತ ಏನು ಹಾಕಿದರೂ ಆಯಿತು ಅನ್ನುವವಳು ನಾನಲ್ಲ. ಮಾನ ಮರ್ಯಾದೆಯ ಉಡುಪು ಬೇಕು. ದೂತರಿಗೆ ಅದು ಬೇಡ, ಯಾಕೆಂದರೆ ಅವರಿಗೆ ಮುಚ್ಚಿಕೊಳ್ಳಲು ಮೈ ಇಲ್ಲ. ಮೈ ಇರುವುದು ನಮಗೆ. ಅದು ಕೊಳಕು ಅಂತ ಮುಚ್ಚುವುದಲ್ಲ, ಎಲ್ಲರ ಕಣ್ಣಿಗೂ ಇಡುವ ಸರಕಲ್ಲ ಅಂತ ಮುಚ್ಚುವುದು. ಪ್ರವಾದಿ ಯೆಶಾಯನ ದರ್ಶನದಲ್ಲಿ ಸೆರಾಫರೆಂಬ ದೂತರಿಗೆ ಆರು ರೆಕ್ಕೆ. ಹಾರುವುದಕ್ಕೆ ಎರಡೇ. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು. ದರ್ಶನವೇ ಸರಿ, ಆದರೂ ನನಗೆ ಬಹಳ ಹಿಡಿಸಿದ ಮಾತು ಇದು. ಯಾರೋ ನೋಡುತ್ತಾರೆ ಅಂತ ಅಲ್ಲ, ಯಾರ ಮುಂದೆ ನಿಂತಿದ್ದೇವೆ ಅಂತ ಗೊತ್ತಿದ್ದು ಅವರು ಮುಚ್ಚಿಕೊಳ್ಳುತ್ತಾರೆ. ಚರ್ಚಿಗೆ ಹೊರಡುವಾಗ ಬೀರು ತೆಗೆದು ಇಷ್ಟು ಯೋಚಿಸಿದರೆ ಸಾಕು, ಗೇಟಿನಲ್ಲಿ ಯಾರೂ ಅಳತೆ ಟೇಪು ಹಿಡಿದು ನಿಲ್ಲುವುದು ಬೇಡ.

ಅಳತೆ ಹಿಡಿದರೂ ಯಾರ ಅಳತೆ? ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದಿಂದಾಗಿ ಎಲ್ಲಾ ಕಡೆಯ ಕಥೋಲಿಕರೂ ಇದ್ದಾರೆ. ಒಂದೇ ಬೆಂಚಿನಲ್ಲಿ ಮೊಣಕಾಲು ಮುಟ್ಟುವ ಫ್ರಾಕಿನ ಗೋವಾದ ಆಂಟಿ, ಮಲ್ಲಿಗೆ ಮುಡಿದ ತಮಿಳು ಅಕ್ಕ, ಇಳಕಲ್ ಸೀರೆಯ ನಮ್ಮ ಗದಗಿನ ಕಡೆಯ ಕಾಕಿ. ಆಂಟಿಯ ಕಾಲು ಕಾಕಿಗೆ ನಾಚಿಕೆ, ಕಾಕಿಯ ಸೊಂಟ ಆಂಟಿಗೆ ನಾಚಿಕೆ. ಇಬ್ಬರೂ ದೇವರ ಮುಂದೆ ಮರ್ಯಾದೆಯಿಂದಲೇ ಕೂತಿದ್ದಾರೆ, ಅಲ್ವಾ? ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಮರ್ಯಾದೆಯ ರೂಪ ನಾಡಿನಿಂದ ನಾಡಿಗೆ ಬೇರೆ ಅಂತಲೇ ಹೇಳುತ್ತದೆ. ಊರಿನ ರೂಢಿ ನೋಡಬೇಕು ಅಂತ ಅಕ್ವಿನಾಸರೂ ಬರೆದಿದ್ದಾರೆ. ಇನ್ನು ನೋಡುವವರ ಮಾತು. ಕೆಟ್ಟ ದೃಷ್ಟಿಯ ಬಗ್ಗೆ ಯೇಸು ಹೇಳಿದ್ದು ನೋಡಿದವನಿಗೆ. ಕಣ್ಣು ಕಿತ್ತು ಬಿಸಾಡು ಅಂದರು. ಅವಳಿಗೆ ದುಪಟ್ಟಾ ತಂದುಕೊಡು ಅನ್ನಲಿಲ್ಲ.

ಯಾರೂ ಫಾರ್ವರ್ಡ್ ಮಾಡದ ವಚನ ಒಂದಿದೆ. ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ. ಹೆಂಗಸರು ಮರ್ಯಾದೆಯ ಉಡುಪು ಉಡಲಿ ಅಂತ ಶುರುವಾಗುತ್ತದೆ. ಅಲ್ಲಿಗೇ ನಿಲ್ಲಿಸಿ ಬೋರ್ಡ್ ಬರೆಯುತ್ತಾರೆ. ಮುಂದೆ ಇರುವುದು ಜಡೆಯ ಸಿಂಗಾರ ಬೇಡ, ಚಿನ್ನ ಬೇಡ, ಮುತ್ತು ಬೇಡ, ಬೆಲೆಬಾಳುವ ಬಟ್ಟೆ ಬೇಡ ಅಂತ. ತೋಳಿನ ಉದ್ದ, ಕುತ್ತಿಗೆಯ ಇಳಿತ ಅಲ್ಲಿ ಇಲ್ಲವೇ ಇಲ್ಲ. ಇರುವುದು ದುಡ್ಡಿನ ಪ್ರದರ್ಶನ. ಸಿಂಗಾರವೇ ಪಾಪ ಅಂತ ಧರ್ಮಸಭೆ ಹೇಳಿಲ್ಲ. 1957ರಲ್ಲಿ ಪೋಪ್ ಹನ್ನೆರಡನೇ ಪಿಯೂಸ್ ಜಗದ್ಗುರುಗಳು ಫ್ಯಾಷನ್ ಉದ್ಯಮದವರ ಮುಂದೆ ಮಾತಾಡುತ್ತಾ ಆರೋಗ್ಯ, ಮರ್ಯಾದೆ, ಅಲಂಕಾರ ಮೂರೂ ಬಟ್ಟೆಯ ಕೆಲಸ ಅಂದಿದ್ದರು. ಆದರೆ ನಮ್ಮ ಮದುವೆಗಳನ್ನು ನೋಡಿ. ಸೊಸೈಟಿಯಲ್ಲಿ ಸಾಲ ಎತ್ತಿ ಬೋರಮಾಳ, ಪಾಟ್ಲಿ, ಬಿಲ್ವಾರ ಮಾಡಿಸಿದವರನ್ನು ‘ಎಷ್ಟ ತೊಲಿ ಐತಿ?’ ಅಂತ ಕೇಳುತ್ತೇವೆ. ಅವರ ಹಿಂದೆ ತೋಳಿಲ್ಲದ ಕುಪ್ಪಸ ತೊಟ್ಟು ಬಂದ ಹುಡುಗಿಗೆ ಮಾತ್ರ ಬುದ್ಧಿ ಹೇಳುತ್ತೇವೆ.

ಆದ್ದರಿಂದ ನಮ್ಮ ಚರ್ಚಿನ ಸಮಿತಿಯವರಲ್ಲಿ ಒಂದು ವಿನಂತಿ. ಬಾಗಿಲಲ್ಲಿ ಉಡುಪಿನ ಬೋರ್ಡ್ ಹಾಕುವುದಾದರೆ ಹಾಕಿ, ನನ್ನ ತಕರಾರಿಲ್ಲ. ಪೌಲರ ವಚನ ಪೂರ್ತಿ ಬರೆಸಿ, ಚಿನ್ನದ ಸಾಲನ್ನೂ ಸೇರಿಸಿ. ಪೇಂಟರ್ ಖರ್ಚು ನಾನು ಕೊಡುತ್ತೇನೆ.