ಫ್ರಿಜ್ಜಿನ ಅನ್ನ, ಮೆತ್ತಗಾದ ನೋರಿ

ಅನ್ನ, ಮೀನಿನ ಜಪಾನಿ ತಿನಿಸು ಸುಶಿ ಮಾರುವ ಕಿಕ್ಕಿರಿದ ಹೋಟೆಲಿನ ಗದ್ದಲ ಸಹಿಸಬಹುದು, ತಣ್ಣನೆಯ ಅನ್ನ ಸಹಿಸಲಾಗದು. ಸುಶಿಯ ಅನ್ನ ಮೈಬಿಸಿಯಷ್ಟು, ಸುಮಾರು 37 ಡಿಗ್ರಿ ಇರಬೇಕು. ಇವರೋ ರಶ್ಶಿಗೆ ಹೆದರಿ ಮೊದಲೇ ಉಂಡೆ ಕಟ್ಟಿ ಫ್ರಿಜ್ಜಿಗೆ ತಳ್ಳುತ್ತಾರೆ. 4 ಡಿಗ್ರಿಯಲ್ಲಿ ಪಿಷ್ಟ ಬಿಗಿದು ಅಗುಳು ಬಿರುಸಾಗುತ್ತದೆ, ಕಚ್ಚಿದರೆ ಪುಡಿಪುಡಿ!

ನೋರಿ ಎಂಬ ಗರಿಗರಿ ಕಡಲಪಾಚಿ ಹಾಳೆಯಲ್ಲಿ ಅನ್ನ ಸುತ್ತಿ ಕೊಡುವ ತೆಮಾಕಿಯದು ಇನ್ನೊಂದು ಗೋಳು. ಅನ್ನದ ತೇವ ಹೀರಿ ನೋರಿ ಕೆಲವೇ ನಿಮಿಷದಲ್ಲಿ ರಬ್ಬರಿನಂತಾಗುತ್ತದೆ. ಇಡೀ ಟೇಬಲ್ಲಿನ ಆರ್ಡರ್ ಒಟ್ಟಿಗೆ ಬರಲೆಂದು ಅದನ್ನು ಕೌಂಟರಿನಲ್ಲೇ ಕೂರಿಸುವುದು ಯಾಕೆ? ಸುತ್ತಿದ ತಕ್ಷಣ ಕೈಗೆ ಕೊಡಿ, ಉಳಿದದ್ದು ಆಮೇಲೆ ಬರಲಿ.

ವಸಾಬಿ ಎಂದು ಕೊಡುವ ಆ ಖಾರದ ಹಸಿರು ಮುದ್ದೆ ಬಹುತೇಕ ಕಡೆ ಹಾರ್ಸ್‌ರ್ಯಾಡಿಶ್ ಎಂಬ ಘಾಟಿನ ಬೇರು, ಸಾಸಿವೆ, ಬಣ್ಣ. ಇರಲಿ, ಅಸಲಿ ವಸಾಬಿ ದುಬಾರಿ. ಆದರೆ ಮೀನಿನಡಿ ಸವರಿದ್ದು ಸಾಲದೆಂದು ತಟ್ಟೆಯಲ್ಲೂ ಗುಡ್ಡೆ ಹಾಕಿದರೆ ಮೀನಿನ ರುಚಿ ಹುಡುಕುವುದೆಲ್ಲಿ?