ಮರುಭೂಮಿಯಲ್ಲಿ ಬಳ್ಳಾರಿ ಜಾಲಿ

ಮರುಭೂಮಿಯ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿಯಲು ಜೈಸಲ್ಮೇರ್‌ಗೆ ಹೋಗುತ್ತೇನೆ ಎಂದಾಗ ಅವ್ವ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯನ್ನೂ ಎತ್ತಲಿಲ್ಲ. "ಬಿಸಿಲು ಬೇಕಿದ್ದರೆ ಮಾಳಿಗೆ ಹತ್ತು, ಖರ್ಚಿಲ್ಲ" ಎಂದಳು. ಕೌಲ್ ಬಜಾರಿನ ನಮ್ಮ ಮಾಳಿಗೆಯ ಮೇಲೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಇಟ್ಟ ಸಂಡಿಗೆ ಮಧ್ಯಾಹ್ನಕ್ಕೆ ಗಲಗಲ ಎನ್ನುತ್ತದೆ. ಹಾಗಾಗಿ ಆಕೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಕಂತಿನ ಮೇಲೆ ಹೊಸ ಕ್ಯಾಮೆರಾ ಕೊಂಡವನಿಗೆ ಮಾಳಿಗೆ ಸಾಲುವುದಿಲ್ಲ.

ಬಳ್ಳಾರಿಯವನಿಗೆ ಮರುಭೂಮಿ ಏನು ಮಹಾ ಎಂದು ನಾಲ್ಕು ಅರ್ಧ ತೋಳಿನ ಅಂಗಿ ತುರುಕಿಕೊಂಡು ಹೊರಟೆ. ಡಿಸೆಂಬರ್ ತಿಂಗಳು. ನಮ್ಮ ಕೋಟೆ ಗುಡ್ಡದ ಬಂಡೆ ಮರ್ಯಾದಸ್ಥ. ಹಗಲು ಕೂಡಿಟ್ಟ ಕಾವನ್ನು ರಾತ್ರಿ ಊಟವಾಗುವವರೆಗೂ ಸ್ವಲ್ಪ ಸ್ವಲ್ಪವೇ ಹಂಚುತ್ತದೆ. ಮರಳು ಮಾತ್ರ ದುಂದುಗಾರ. ಸೂರ್ಯ ಇಳಿದ ಗಂಟೆಯೊಳಗೆ ಕೈ ಖಾಲಿ ಮಾಡಿಕೊಂಡು ಕುಳಿತುಬಿಡುತ್ತದೆ. ಆ ರಾತ್ರಿ ಡೇರೆಯ ನೆಲಕ್ಕೆ ಹಾಸಿದ್ದ ಜಮಖಾನೆಯನ್ನೇ ಎತ್ತಿ ಹೊದ್ದುಕೊಂಡೆ. ಅದರೊಳಗೂ ಮರಳಿತ್ತು.

ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಬ್ಬಗಳ ಮೇಲೆ ಗಾಳಿ ಬರೆಯುವ ಅಲೆಗಳು ನೆತ್ತಿಯ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಸೂರ್ಯ ಓರೆಯಾಗಿ ಪ್ರತಿ ಅಲೆಗೂ ಒಂದೊಂದು ನೆರಳು ಬಿದ್ದಾಗಲೇ ಮರಳಿಗೆ ಮೈ ಬರುತ್ತದೆ. ಅದಕ್ಕಾಗಿ ಸಂಜೆಯವರೆಗೆ ಕಾದೆ. ಒಂಟೆ, ಜೀಪು, ಹನಿಮೂನಿನ ಜೋಡಿ ಯಾವುದೂ ತುಳಿಯದ ಒಂದು ದಿಬ್ಬ ಸಿಕ್ಕಿತು. ಆ ಬದಿಯಿಂದ ಇನ್ನೂ ಚೆನ್ನಾಗಿ ಕಾಣಬಹುದೇ ಎಂದು ದಾಟಿ ಹೋಗಿ ನೋಡಿದೆ. ಕಾಣಲಿಲ್ಲ. ತಿರುಗಿ ಬಂದರೆ ಅಲೆಗಳ ನಟ್ಟನಡುವೆ ಸಾಲಾಗಿ ನನ್ನದೇ ಹೆಜ್ಜೆಗಳು, ಹೋಗಿದ್ದೂ ಬಂದಿದ್ದೂ.

ಇದ್ದುದರಲ್ಲೇ ತೆಗೆದ ಚಿತ್ರಗಳಲ್ಲಿ ಬಂಗಾರದ ಮರಳು ಒಲೆಯ ಬೂದಿಯಾಗಿತ್ತು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಮಧ್ಯಮ ಬೂದು ಎಂದುಕೊಂಡೇ ಲೆಕ್ಕ ಹಾಕುತ್ತದೆ. ಹೊಳೆಯುವ ಮರಳು ಕಂಡರೆ ಬೆಳಕು ಹೆಚ್ಚಾಯಿತೆಂದು ಗಾಬರಿಯಾಗಿ ಕತ್ತಲು ಮಾಡುತ್ತದೆ. ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಬೆಳಕನ್ನು ನಾವೇ ಏರಿಸಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ನೆನಪಾದದ್ದು ಬೀಸುಗಾಳಿಯಲ್ಲಿ ಲೆನ್ಸ್ ಬದಲಿಸಿದ ಮೇಲೆ. ಆಗ ಅದನ್ನು ತಿರುಗಿಸಿದರೆ ಬೀಸುವ ಕಲ್ಲಿನಂತೆ ಗರಗರ ಎನ್ನುತ್ತಿತ್ತು.

ಇನ್ನು ಗಿಡಗಳಾದರೂ ಸಿಗಲಿ ಎಂದು ಚಪ್ಪಲಿಯಲ್ಲೇ ಪೊದೆಗಳತ್ತ ನಡೆದೆ. ಸಂಜೆಯ ಬೆಳಕು ಹಿಂದಿನಿಂದ ಸೋಸಿ ಬರುತ್ತಿದ್ದ ಒಂದು ಪೊದೆ, ನವಿರಾದ ಎಲೆ, ಅಪರಿಚಿತ ಸೌಂದರ್ಯ! ಮೊಣಕಾಲೂರಿ ಹತ್ತಿಪ್ಪತ್ತು ಚಿತ್ರ ತೆಗೆದೆ. ಏಳುವಾಗ ಚಪ್ಪಲಿಯನ್ನು ತೂರಿಕೊಂಡು ಹಿಮ್ಮಡಿಗೆ ಮುಳ್ಳು ನಾಟಿತು. ಆ ನೋವು ಅಪರಿಚಿತವಾಗಿರಲಿಲ್ಲ. ಬಾಲ್ಯದಲ್ಲಿ ಹಳ್ಳದ ದಂಡೆಯಲ್ಲಿ ನೂರು ಸಲ ಉಂಡದ್ದು. ಸಂಶಯದಿಂದ ಕತ್ತೆತ್ತಿ ನೋಡಿದೆ: ಬಳ್ಳಾರಿ ಜಾಲಿ.

ಒಂಟೆಯವನು ಅದನ್ನು ವಿಲಾಯತಿ ಬಬೂಲ್ ಎಂದ. ಅದರ ತವರು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. ಬಂದಲ್ಲೆಲ್ಲ ನೆಲ ನುಂಗುವ ಈ ಪೀಡೆಯನ್ನು ಅವರು ಜಾಣತನದಿಂದ ವಿಲಾಯಿತಿಯ ಲೆಕ್ಕಕ್ಕೆ ಬರೆದಿದ್ದಾರೆ. ನಮ್ಮವರು ನಮ್ಮೂರಿನ ತಲೆಗೇ ಕಟ್ಟಿದ್ದಾರೆ.

ಊರಿಗೆ ಬಂದು ಚಿತ್ರಗಳನ್ನು ಟಿವಿಯಲ್ಲಿ ತೋರಿಸಿದೆ.

"ಇದು ಹಿತ್ತಲಿನ ಎಕ್ಕ" ಎಂದಳು ಅವ್ವ.

"ಅಲ್ಲವ್ವ, ಇದು ಮರುಭೂಮಿಯ ಜಾತಿ. ದಳದ ತುದಿ ನೋಡು, ನೇರಳೆ."

"ಹನುಮಪ್ಪನಿಗೆ ನಡೆಯುತ್ತದೆಯೇ?"

ಇದಕ್ಕೆ ಛಾಯಾಗ್ರಹಣ ಶಾಸ್ತ್ರದಲ್ಲಿ ಉತ್ತರವಿಲ್ಲ. ಮುಂದಿನದು ಖೇಜ್ರಿ, ರಾಜಸ್ಥಾನದ ರಾಜ್ಯವೃಕ್ಷ ಎಂದು ಗತ್ತಿನಿಂದ ಹೇಳಿದೆ. ಆಕೆ ಕನ್ನಡಕ ಏರಿಸಿ, "ಬನ್ನಿ ಮರಕ್ಕೆ ಅಲ್ಲಿ ಹಾಗೆನ್ನುತ್ತಾರೇನು?" ಎಂದಳು. ಹೌದು, ಅದೇ ಬನ್ನಿ. ದಸರೆಯಲ್ಲಿ ನಾವು ಬಂಗಾರವೆಂದು ಎಲೆ ಹಂಚಿಕೊಳ್ಳುವ ಮರದ ಎಳೆಕಾಯಿಯನ್ನು ಅಲ್ಲಿ ಒಣಗಿಸಿಟ್ಟು ಸಾಂಗ್ರಿ ಎಂದು ಪಲ್ಯ ಮಾಡುತ್ತಾರೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ನೀನೂ ತಿಂದೆಯಾ?"

"ರೊಟ್ಟಿಯ ಜೊತೆ ಚೆನ್ನಾಗಿರುತ್ತದೆ."

ಅವ್ವ ದೇವರ ಗೂಡಿನ ಕಡೆ ತಿರುಗಿ ನನ್ನ ಪರವಾಗಿ ಕೆನ್ನೆ ಬಡಿದುಕೊಂಡಳು. ಜಾಲಿಯ ಚಿತ್ರ ಬಂದಾಗ ಮಾತ್ರ ಏನೂ ಅನ್ನದೆ ನನ್ನ ಕುಂಟುಗಾಲನ್ನು ನೋಡಿ, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ಹಿಮ್ಮಡಿಯಲ್ಲಿ ಮುರಿದು ಉಳಿದಿದ್ದ ತುದಿ ಹೊರಗೆ ಬಂದಿತು. ಅದನ್ನು ಬೆರಳಿನ ಮೇಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

"ಅಷ್ಟು ದೂರದಿಂದ ಇದೊಂದನ್ನಾದರೂ ತಂದೆಯಲ್ಲ. ಇದರದೊಂದು ಫೋಟೊ ತೆಗೆ."

ಬೆಳಕು ಓರೆಯಾಗಿ ಬಿದ್ದಿತ್ತು. ಬೆರಳಿನ ಗೆರೆಗಳಿಗೆ ಒಂದೊಂದು ನೆರಳಿತ್ತು. ಓಡಿಹೋಗಿ ಕ್ಯಾಮೆರಾ ತಂದೆ. ಲೆನ್ಸ್ ತಿರುಗಲಿಲ್ಲ.