ಕುದುರೆಗೆ ಹೆಸರಿದೆ, ಅಡುಗೆಯವಳಿಗೆ ಇಲ್ಲ

ಬೆಳಿಗ್ಗೆಯಿಂದ ಒಂದೇ ಸಂಕಟ. ಇದನ್ನು ಬರೆದು ಹಾಕೋವರೆಗೂ ಬೇರೆ ಕೆಲಸಕ್ಕೆ ಮನಸ್ಸು ಬರ್ತಿಲ್ಲ.

ನಮ್ಮ ಕ್ಲಾಸಲ್ಲಿ ಅಮೆರಿಕದ ಅಂತರ್ಯುದ್ಧದ (ಗುಲಾಮಗಿರಿ ಉಳಿಸಿಕೊಳ್ಳೋಕೆ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಯುದ್ಧ) ಕಾದಂಬರಿ ಓದಿಸ್ತಿದ್ದೀನಲ್ಲ, ಅದರ ಕೊನೇ ಅಧ್ಯಾಯ ಇವತ್ತು ಮುಗೀತು. ಹತ್ತಿ ತೋಟದ ಯಜಮಾನನ ಮಗ, ಅವನ ಕುದುರೆ, ಯುದ್ಧ. ಮಕ್ಕಳಿಗೆಂದೇ ಬರೆದಿದ್ದು. ಪುಸ್ತಕ ಮುಚ್ಚೋ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಆ ಅಡುಗೆ ಮಾಡೋರ ಹೆಸರೇನು?"

ಪುಟ ತಿರುವಿದೆ. ಮತ್ತೆ ಮೊದಲಿಂದ ತಿರುವಿದೆ. ಇಲ್ಲ. ಆ ಹುಡುಗನಿಗೆ ಜ್ವರ ಬಂದಾಗ ರಾತ್ರಿಯಿಡೀ ಎದ್ದು ಕೂತವಳು ಅವಳು, ಅವನ ಕಾಲಿನ ಗಾಯಕ್ಕೆ ಬಟ್ಟೆ ಕಟ್ಟಿದವಳು ಅವಳು. ಆ ಮನೆಯ ಗುಲಾಮ ಹೆಂಗಸು. ಎಲ್ಲೆಲ್ಲೂ "ಅಡುಗೆಯವಳು" ಅಷ್ಟೇ. ಕುದುರೆಗೆ ಮಾತ್ರ ಹೆಸರಿದೆ, ಹಣೆ ಮೇಲೆ ಬಿಳಿ ಮಚ್ಚೆ ಇದೆ.

ಇನ್ನೊಂದು ಹೇಳಿಬಿಡ್ತೀನಿ. ನಾಲ್ಕು ವರ್ಷದಿಂದ ಇದೇ ಪುಸ್ತಕ ಓದಿಸ್ತಿದ್ದೀನಿ. ಕುದುರೆ ಸಾಯೋ ಪುಟದಲ್ಲಿ ಪ್ರತಿ ವರ್ಷ ನನ್ನ ಗಂಟಲು ಕಟ್ಟಿದೆ. ಅವಳ ಹೆಸರೇನು ಅಂತ ಒಂದು ಸಲವೂ ನನಗೆ ಅನ್ನಿಸಿಲ್ಲ.

1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿ ಇತ್ತು. ಯಜಮಾನನ ಹೆಸರು ಬರೆದು, ಅದರ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಬಹುಪಾಲು ಕಡೆ ಹೆಸರೇ ಇಲ್ಲ. 1860ರಲ್ಲಿ ಹೀಗೆ ಎಣಿಸಿದ್ದು ಸುಮಾರು 39 ಲಕ್ಷ 50 ಸಾವಿರ ಜನರನ್ನು. ಆ ಪಟ್ಟಿ ಬರೆದವರು ಮಾಡಿದ್ದನ್ನೇ ಈ ಕಾದಂಬರಿ ಮತ್ತೆ ಮಾಡಿದೆ, ಅದೂ ಮಕ್ಕಳ ಕೈಗೆ ಕೊಡೋಕೆ!

ಸ್ಟಾಫ್ ರೂಮಲ್ಲಿ ಹೇಳಿದರೆ, "ಕಥೆ ಆ ಹುಡುಗನದು ಕಣ್ರೀ, ಅವನ ಕಣ್ಣಿಗೆ ಕಂಡಷ್ಟೇ ಬರುತ್ತೆ" ಅಂದರು. ದಿನಾ ತನಗೆ ಊಟ ಹಾಕೋರ ಹೆಸರು ಯಾವ ಹುಡುಗನಿಗೆ ಗೊತ್ತಿರಲ್ಲ? ಅವನಿಗೆ ಗೊತ್ತೇ ಇರುತ್ತೆ. ಬೇಕು ಅನ್ನಿಸದೆ ಇದ್ದಿದ್ದು ಬರೆದವರಿಗೆ. ಗುಲಾಮಗಿರಿಯ ಕ್ರೌರ್ಯವೆಲ್ಲ ಚಿಕ್ಕ ಮಕ್ಕಳಿಗೆ ಯಾಕೆ ಅಂತಲೂ ಒಬ್ಬರು ಅಂದರು. ಅದೇ ಪುಸ್ತಕದಲ್ಲಿ ಫಿರಂಗಿ ಗುಂಡಿಗೆ ಕೈಕಾಲು ಹಾರೋದು ಮೂರು ಪುಟ ಇದೆ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಕೊನೆಗೆ ಬಿಡುಗಡೆ ಹೇಗೆ ಬರುತ್ತೆ ಅಂದರೆ, ಯಜಮಾನನ ಮಗ ಮನಸ್ಸು ಕರಗಿ "ನೀನಿನ್ನು ಹೋಗಬಹುದು" ಅಂತಾನೆ. ಅವಳು ಅಳ್ತಾಳೆ. ಅಷ್ಟೇ. ಅದೇ ಯುದ್ಧದಲ್ಲಿ, 1862ರ ಮೇ 13ರ ನಸುಕಿನಲ್ಲಿ, ರಾಬರ್ಟ್ ಸ್ಮಾಲ್ಸ್ ಅನ್ನೋ 23 ವರ್ಷದ ಗುಲಾಮ ಚಾರ್ಲ್ಸ್‌ಟನ್ ಬಂದರಿನಿಂದ ದಕ್ಷಿಣದವರ 'ಪ್ಲಾಂಟರ್' ಹಡಗನ್ನೇ ಹೊಡ್ಕೊಂಡು ಹೋದ. ಕ್ಯಾಪ್ಟನ್ ದಡದಲ್ಲಿ ಮಲಗಿದ್ದ. ಸ್ಮಾಲ್ಸ್ ಅವನ ಹುಲ್ಲಿನ ಟೋಪಿ ತಲೆಗಿಟ್ಟು, ಅವನ ಹಾಗೇ ನಿಂತು, ಸರಿಯಾದ ಸಿಳ್ಳೆ ಸಂಕೇತ ಊದಿ, ದಕ್ಷಿಣದವರ ಕೈಲಿದ್ದ ಸಮ್ಟರ್ ಕೋಟೆಯ ಫಿರಂಗಿಗಳ ಎದುರೇ ದಾಟಿಸಿದ. ಹಡಗಲ್ಲಿ ಅವನ ಹೆಂಡತಿ ಹ್ಯಾನಾ, ಮಕ್ಕಳು, ಜೊತೆಯ ಇತರ ಗುಲಾಮರು. ಆಚೆ ಉತ್ತರದ ನೌಕಾಪಡೆ ಗುಂಡು ಹಾರಿಸದಿರಲಿ ಅಂತ ಬಾವುಟದ ಜಾಗದಲ್ಲಿ ಬಿಳಿ ಹಾಸಿಗೆ ಬಟ್ಟೆ ಏರಿಸಿದರು. ಮುಂದೆ ಇದೇ ಮನುಷ್ಯ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ. ಮಕ್ಕಳ ಕಾದಂಬರಿಗೆ ಇದಕ್ಕಿಂತ ಇನ್ನೇನು ಬೇಕು? ಕರಗಿದ ಯಜಮಾನನೇ ಯಾಕೆ ಬೇಕು?

ಯುದ್ಧ ಮುಗಿದ ಮೇಲೆ, ಮಾರಾಟವಾಗಿ ಬೇರೆಬೇರೆಯಾದ ತಮ್ಮವರನ್ನು ಹುಡುಕಿ ಜನ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. ಅಮ್ಮನ ಹೆಸರು, ತಮ್ಮಂದಿರ ಹೆಸರು, ಯಾರು ಯಾರಿಗೆ ಮಾರಿದ್ದು ಅಂತ ಒಂದೊಂದೇ ಬರೆಸಿ. ದಶಕಗಳು ಕಳೆದರೂ ಕೊಡ್ತಾನೇ ಇದ್ದರು. ಅವುಗಳಲ್ಲಿ ಕೆಲವನ್ನು ನಾಳೆ ಪ್ರಿಂಟ್ ತೆಗೆದು ಕ್ಲಾಸಿಗೆ ಒಯ್ತೀನಿ. ಮೊದಲನೆಯದನ್ನು ಜೋರಾಗಿ ಓದೋಕೆ ಆ ಹಿಂದಿನ ಬೆಂಚಿನ ಹುಡುಗಿಗೇ ಕೊಡ್ತೀನಿ.